ಅಪ್‌ಡೇಟ್: ಮೇನ್‌ಫ್ರೇಮ್‌ಗೆ ಕೊನೆಗೂ ಹೆಸರು ಸಿಕ್ತು

ಹೋದ ವಾರ ಕೇಳಿದ್ದೆನಲ್ಲ, ಝಡ್‌/ಓಎಸ್‌ನ (ನಮ್ಮ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಯುನಿಕ್ಸ್ ಶೆಲ್‌ನಿಂದ ಪಿಂಗ್ ಮಾಡಿದರೆ (ಯಂತ್ರ ಉತ್ತರ ಕೊಡುತ್ತಾ ಅಂತ ನೋಡಿದರೆ) ಸಿಗುವ ಹೋಸ್ಟ್‌ನೇಮ್, ಅಂದ್ರೆ ಯಂತ್ರದ ಹೆಸರು, ಅದರದೇ ಇನ್ನೊಂದು ಕಮಾಂಡ್ ಪರಿಸರವಾದ ಟಿಎಸ್‌ಓದಲ್ಲಿ ಯಾಕೆ ಸಿಗಲ್ಲ ಅಂತ. ಸುಮ್ನೆ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳೋ ಸರ್ವರ್) ಮೇಲೆ ಅನುಮಾನಪಟ್ಟೆ.

ನಿನ್ನೆ ರಾತ್ರಿ ಹುಬ್ಬಳ್ಳಿ ಗೋಕುಲ ರೋಡಿನ ಆಫೀಸಿನಲ್ಲಿ ಗಿರ್ಮಿಟ್ ಮೆತ್ತಗಾಗುವವರೆಗೂ ಕೂತು ರಿಸಾಲ್ವರ್ ಟ್ರೇಸ್ (ಹೆಸರಿನಿಂದ ವಿಳಾಸ ಹುಡುಕೋ ಪ್ರೋಗ್ರಾಂ ಎಲ್ಲೆಲ್ಲಿ ನೋಡಿತು ಅನ್ನೋ ದಾಖಲೆ) ಓದಿದೆ. ನಾನು ಹೆಸರು ಸೇರಿಸಿದ್ದು ಯುನಿಕ್ಸ್ ಕಡೆಯ ಹೆಸರು-ವಿಳಾಸದ ಫೈಲ್ /ಇಟಿಸಿ/ಹೋಸ್ಟ್ಸ್‌ಗೆ. ಅದನ್ನು ಟಿಎಸ್‌ಓ ತಿರುಗಿಯೂ ನೋಡಲ್ಲ! ಅದು ಹುಡುಕೋದು ಹೋಸ್ಟ್ಸ್.ಸೈಟ್‌ಇನ್ಫೋ ಅನ್ನೋ ಬೇರೆ ಫೈಲಿನಲ್ಲಿ. ಅದರ ಮೂಲ ಪಟ್ಟಿ ಹೋಸ್ಟ್ಸ್.ಲೋಕಲ್ ತಿದ್ದಿ, ಮೇಕ್‌ಸೈಟ್ ಅನ್ನೋ ಕಮಾಂಡ್ ಓಡಿಸಿದರಷ್ಟೇ ಅದು ಹೊಸದಾಗುತ್ತೆ. ನಮ್ಮಲ್ಲಿ ಯಾರೋ ತಿದ್ದಿದ್ದರು, ಓಡಿಸಿರಲಿಲ್ಲ.

ಎರಡೆರಡು ಕಡೆ ಬರೆಯೋದು ಯಾರಿಗೆ ಬೇಕು, ಅಲ್ವಾ? ರಿಸಾಲ್ವರ್‌ನ ಸೆಟಪ್ ಫೈಲಿನಲ್ಲಿ ಕಾಮನ್‌ಸರ್ಚ್ (ಎರಡೂ ಕಡೆ ಒಂದೇ ರೀತಿ ಹುಡುಕು ಅನ್ನೋ ಸೆಟ್ಟಿಂಗ್) ಹಾಕಿ, ಹೆಸರುಗಳ ಫೈಲ್ ಯಾವುದು ಅಂತ ಹೇಳೋ ಗ್ಲೋಬಲ್‌ಐಪಿನೋಡ್ಸ್‌ಗೆ ಒಂದೇ ಫೈಲ್ ತೋರಿಸಿದೆ. ರಿಸಾಲ್ವರ್‌ಗೆ ಸೆಟಪ್ ಫೈಲಿನ ಹೆಸರಿನ ಸಮೇತ ರಿಫ್ರೆಶ್ (ಮತ್ತೆ ಓದು ಅನ್ನೋ ಕಮಾಂಡ್) ಕೊಟ್ಟೆ. ಈಗ ಎರಡೂ ಕಡೆ ಪಿಂಗ್ ಹೋಗ್ತಿದೆ. ಟ್ರೇಸ್ ನೋಡು ಅಂದ ಸರ್‌ಗೆ ಥ್ಯಾಂಕ್ಸ್ ರೀ.