ಇಬ್ಬರು ಶಿಕ್ಷಕರು, ಐದು ತರಗತಿ, ನಾಲ್ಕು ಮನೆಮಾತು: ಲೈನ್ ಮನೆಯ ಮಕ್ಕಳಿಗೆ ಓದು ಕಲಿಸುವುದು ಹೇಗೆ?

ಪ್ರಶ್ನೆ: ಪ್ರಭಾರ ಮುಖ್ಯ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡು ವರ್ಷಗಳಿಂದ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದೇನೆ. ಒಂದರಿಂದ ಐದರವರೆಗೆ 34 ಮಕ್ಕಳಿದ್ದಾರೆ. ಕಲಿಸಲು ನಾನು ಮತ್ತು ಒಬ್ಬ ಸಹಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು, ಹಾಗಾಗಿ ಕಾಗದದಲ್ಲಿ ನಮ್ಮ ಶಾಲೆಗೆ ಯಾವ ಕೊರತೆಯೂ ಇಲ್ಲ. ಆದರೆ ಆ ಇಬ್ಬರಲ್ಲಿ ಒಬ್ಬಳು ಬಿಸಿಯೂಟದ ಲೆಕ್ಕ, ಹಾಲು ಮತ್ತು ಮೊಟ್ಟೆಯ ವಹಿ, ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರದ ಆನ್‌ಲೈನ್ ದಾಖಲೆ) ನಮೂದು, ತುರ್ತಾಗಿ ಕೇಳುವ ಮಾಹಿತಿ ಇವುಗಳ ನಡುವೆ ದಿನದ ಅರ್ಧವನ್ನು ಕಳೆಯುತ್ತಾಳೆ ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವವರು. ಕನ್ನಡ ಮನೆಮಾತಿನವರು ಕೆಲವರು, ಯರವ ಬುಡಕಟ್ಟಿನ ಮಕ್ಕಳು ಕೆಲವರು, ಮಲಯಾಳ ಆಡುವವರು ಇಬ್ಬರು, ಉಳಿದವರು ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳು. ಜನವರಿಯಲ್ಲಿ ರೊಬಸ್ಟಾ ಕುಯ್ಲು ಆರಂಭವಾದರೆ ಮಾರ್ಚಿಯವರೆಗೆ ಹಾಜರಾತಿ ಕುಸಿಯುತ್ತದೆ. ದೊಡ್ಡ ಮಕ್ಕಳು ಲೈನಿನಲ್ಲಿ ತಂಗಿ-ತಮ್ಮಂದಿರನ್ನು ನೋಡಿಕೊಂಡು ಉಳಿಯುತ್ತಾರೆ. ವರ್ಷದ ಕೊನೆಯ ಮೌಲ್ಯಮಾಪನವೂ ಅದೇ ಹೊತ್ತಿಗೆ ಬರುತ್ತದೆ.

ಕಳೆದ ತಿಂಗಳು ನಾಲ್ಕನೇ ತರಗತಿಯ ಹುಡುಗನೊಬ್ಬ ತನ್ನ ಊರಿನ ಬಗ್ಗೆ ‘ನಮ್ಮ ಹಲ್ಲಿಯಲ್ಲಿ ನದಿ ಇದೆ’ ಎಂದು ಬರೆದ. ಓದಿ ಹೇಳಿದಾಗ ತರಗತಿಯೆಲ್ಲ ನಕ್ಕಿತು. ನಾನೂ ಕೆಂಪು ಶಾಯಿಯಲ್ಲಿ ತಿದ್ದಿ ಪುಸ್ತಕ ಹಿಂದಿರುಗಿಸಿದೆ. ಅಂದಿನಿಂದ ಅವನು ಕಪ್ಪುಹಲಗೆಯಲ್ಲಿ ಇದ್ದುದನ್ನು ನಕಲು ಮಾಡುತ್ತಾನೆಯೇ ಹೊರತು ಸ್ವಂತವಾಗಿ ಒಂದು ಸಾಲನ್ನೂ ಬರೆಯುತ್ತಿಲ್ಲ. ಇಂಥ ಮಕ್ಕಳನ್ನು ಓದಿಗೆ ತರುವುದು ಹೇಗೆ, ಮತ್ತು ಮುಖ್ಯ ಶಿಕ್ಷಕಿಯಾಗಿ ನಾನು ಯಾವ ಕೆಲಸವನ್ನು ಬದಿಗಿಟ್ಟರೆ ತರಗತಿಗೆ ಸಮಯ ಸಿಕ್ಕೀತು ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕ, ಸೋಮವಾರಪೇಟೆ

ಮೇಡಂ, ಮೊದಲಿಗೆ ‘ಐದು ತರಗತಿ’ ಎಂಬ ಎಣಿಕೆಯನ್ನು ಬಿಡಿ. ಒಂದರಿಂದ ಮೂರರವರೆಗೆ ನಲಿ-ಕಲಿ, ಅಂದರೆ ತರಗತಿಗಳನ್ನು ಸೇರಿಸಿ ಕಾರ್ಡುಗಳ ಮೂಲಕ ಕಲಿಸುವ ಕ್ರಮ, ಇದ್ದೇ ಇದೆ. ಅದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಅಂದರೆ ನಾಗರಹೊಳೆ ಕಾಡಿನ ಆಚೆ ಮಗ್ಗುಲಲ್ಲಿ, ನಿಮ್ಮಂಥದೇ ಸಣ್ಣ ಶಾಲೆಗಳ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಾಲೆಯ ಕಲಿಕಾ ಕಾರ್ಡುಗಳನ್ನು ನೋಡಿ ಬಂದು ಕಟ್ಟಿದ ಪದ್ಧತಿ. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದನ್ನು ಬರೀ ಕಾರ್ಡು ಮತ್ತು ಹಾಡು ಎಂದು ತಿಳಿದವರೇ ಹೆಚ್ಚು. ಅದರ ನಿಜವಾದ ಉಪಯೋಗ ಕಲಿಕಾ ಏಣಿಯಲ್ಲಿದೆ, ಅಂದರೆ ಪ್ರತಿ ಮಗು ತನ್ನ ವೇಗದಲ್ಲಿ ಹತ್ತುವ ಪಾಠಗಳ ಮೆಟ್ಟಿಲುಗಳಲ್ಲಿ. ಎರಡು ತಿಂಗಳು ಕುಯ್ಲಿಗೆ ಹೋಗಿ ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಪಾಠ ಮುಂದೆ ಹೋಯಿತು, ಮಗು ಹಿಂದೆ ಉಳಿಯಿತು ಎಂಬ ಮಾತೇ ಅಲ್ಲಿಲ್ಲ.

ಅದೇ ಕ್ರಮವನ್ನು ನಾನು ನಾಲ್ಕು ಮತ್ತು ಐದಕ್ಕೂ ದಿನಕ್ಕೆ ಒಂದು ಗಂಟೆ ಎಳೆದೆ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಎರಡೂ ತರಗತಿಯ ಮಕ್ಕಳನ್ನು ಸೇರಿಸಿ, ತರಗತಿಯನ್ನು ನೋಡದೆ ಓದುವ ಮಟ್ಟವನ್ನು ನೋಡಿ ಮೂರು ಗುಂಪು ಮಾಡುತ್ತಿದ್ದೆ: ಅಕ್ಷರ ಗುರುತಿಸುವವರು, ಪದ ಓದುವವರು, ಸಾಲು ಓದುವವರು. ಐದನೇ ತರಗತಿಯ ಹುಡುಗಿ ಅಕ್ಷರದ ಗುಂಪಿನಲ್ಲಿ ಕೂರಲು ಮುಜುಗರಪಟ್ಟರೆ ಅವಳಿಗೆ ಚಿಕ್ಕವರ ಕಾರ್ಡು ಹಂಚುವ ಜವಾಬ್ದಾರಿ ಕೊಡಿ. ಹಂಚುತ್ತ ಹಂಚುತ್ತ ತಾನೇ ಓದಿಕೊಳ್ಳುತ್ತಾಳೆ.

ಆ ಒಂದು ಗಂಟೆಯಲ್ಲಿ ನಾನು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಆರಂಭದಲ್ಲಿ ಕ್ಲಸ್ಟರಿನಿಂದ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಘಟಕ) ಅಸಮಾಧಾನದ ಮಾತು ಬಂತು. ಹನ್ನೊಂದು ಗಂಟೆಯೊಳಗೆ ಮಾಹಿತಿ ತಪ್ಪದೆ ಹೋಗುತ್ತದೆ ಎಂಬುದು ಖಚಿತವಾದ ಮೇಲೆ ಯಾರೂ ಕೇಳಲಿಲ್ಲ.

ಉತ್ತರ 2: ಭಾಷಾ ಶಿಕ್ಷಕಿ, ಪೊನ್ನಂಪೇಟೆ

ಗುಂಪು ಮಾಡುವುದು ಸರಿ, ಆದರೆ ಆ ಹುಡುಗನ ತೊಂದರೆ ಮಟ್ಟದ್ದಲ್ಲ ಎಂದು ನನಗೆ ತೋರುತ್ತದೆ. ಅಸ್ಸಾಮಿ, ಬಾಂಗ್ಲಾ ಮತ್ತು ಚಹಾ ತೋಟದ ಕಾರ್ಮಿಕರಾಡುವ ಸಾದ್ರಿ, ಈ ಮೂರರಲ್ಲೂ ‘ಳ’ ಇಲ್ಲ. ಅವನ ಕಿವಿಗೆ ಹಳ್ಳಿಯೂ ಹಲ್ಲಿಯೂ ಒಂದೇ ಪದ. ಅವನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದಾನೆ, ಅಂದರೆ ಧ್ವನಿಯನ್ನು ಅಕ್ಷರಕ್ಕೆ ತರುವ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾನೆ. ಅಸ್ಸಾಮಿಯಲ್ಲಿ ತ–ಟ, ದ–ಡ ಉಚ್ಚಾರದಲ್ಲಿ ಬೇರೆಯಾಗಿ ಉಳಿದಿಲ್ಲ. ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘ ಭೇದವೂ ಇಲ್ಲ. ಹಾಗಾಗಿ ‘ಕೊಡು’ ಮತ್ತು ‘ಕೋಡು’ ಎರಡನ್ನೂ ಅವನು ಒಂದೇ ರೀತಿ ಬರೆದರೆ ಅಚ್ಚರಿಪಡಬೇಡಿ.

ನಾನು ಮಾಡುವುದು ಇಷ್ಟೇ: ಕಣ್ಣು ಮುಚ್ಚಿಸಿ ಎರಡು ಪದ ಹೇಳುತ್ತೇನೆ, ಹಳ್ಳಿ–ಹಲ್ಲಿ, ಹುಳಿ–ಹುಲಿ, ಮತ್ತೆ ಹುಲಿ–ಹುಲಿ. ಬೇರೆ ಎನಿಸಿದರೆ ಕೈ ಎತ್ತಬೇಕು. ದಿನಕ್ಕೆ ಐದು ನಿಮಿಷ. ಕಿವಿ ಪಳಗಿದ ಮೇಲೆಯೇ ಅಕ್ಷರ. ಇದರಲ್ಲಿ ಯರವ ಮಕ್ಕಳು ಗೆಲ್ಲುತ್ತಾರೆ. ಅವರ ಮಾತಿನಲ್ಲಿ ‘ಳ’ ಇದೆ. ಹಿಂದಿನ ಬೆಂಚಿನಲ್ಲಿ ಬಾಯಿ ತೆರೆಯದೆ ಕೂರುವ ಮಗು ಒಂದು ದಿನ ತರಗತಿಗೇ ತೀರ್ಪುಗಾರನಾಗುವುದನ್ನು ನೋಡಬೇಕು.

ಅಸ್ಸಾಮಿನಿಂದ ಬಂದ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಊರಿನಲ್ಲಿ ಸ್ವಲ್ಪ ಶಾಲೆ ಕಂಡು ಬಂದ ಮಗುವಿಗೆ ಅ ಆ ಇ ಈ, ಕ ಖ ಗ ಘ ಎಂಬ ಕ್ರಮ ಗೊತ್ತಿರುತ್ತದೆ. ಲಿಪಿ ಮಾತ್ರ ಬೇರೆ. ಅವನ ಅಕ್ಷರವನ್ನು ಪಕ್ಕದಲ್ಲಿ ಅವನ ಕೈಯಿಂದಲೇ ಬರೆಸಿದರೆ ವರ್ಣಮಾಲೆಗೆ ವರ್ಷ ಹಿಡಿಯುವುದಿಲ್ಲ.

ಉತ್ತರ 3: ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ

ಬೀರುವಿನ ಬೀಗದ ಮಾತು ಓದಿ ನಕ್ಕೆ. ಮಾಹಿತಿ ಕೇಳುವವರ ಪೈಕಿ ನಾನೂ ಒಬ್ಬ. ಆದರೂ ಸರ್ ಹೇಳಿದ್ದು ಸರಿಯಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಕೆಲಸಗಳನ್ನು ಬಿಟ್ಟು ಶಿಕ್ಷಕರನ್ನು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಹಾಕಬಾರದು ಎನ್ನುತ್ತದೆ. ಶಾಲೆಯ ಒಳಗಿನ ವಹಿಗಳಿಗೆ ಇದು ಅನ್ವಯಿಸದು ಎಂಬುದೂ ನಿಜ, ಅಲ್ಲಿಯೇ ನಿಮ್ಮ ಹೊತ್ತು ಹೋಗುತ್ತಿರುವುದು. ದಾಖಲೆಯ ಕೆಲಸಕ್ಕೆ ಊಟದ ನಂತರ ಒಂದೇ ಹೊತ್ತು ಗೊತ್ತುಮಾಡಿ, ಆಗ ಸಹಶಿಕ್ಷಕರು ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಥೆಯೋ ಆಟವೋ ನಡೆಸಲಿ.

ಕುಯ್ಲಿನ ವಿಷಯ ಜನವರಿಯಲ್ಲಿ ಮಾತನಾಡಿದರೆ ತಡವಾಯಿತು. ನವೆಂಬರ್–ಡಿಸೆಂಬರಿನಲ್ಲಿ ಬರುವ ಹುತ್ತರಿ ಹಬ್ಬಕ್ಕೆ ಮುಂಚೆಯೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು ತೋಟದ ಲೆಕ್ಕ ನೋಡುವ ರೈಟರನ್ನೂ ಮೇಸ್ತ್ರಿಯನ್ನೂ ಕೂರಿಸಿಕೊಳ್ಳಿ. ಮಗು ಶಾಲೆ ತಪ್ಪುವುದು ಕೂಸನ್ನು ನೋಡಿಕೊಳ್ಳಲು ಎಂದಾದರೆ ಕೂಸಿಗೆ ಅಂಗನವಾಡಿ ಎಷ್ಟು ದೂರ, ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದೇ ನಿಮ್ಮ ಹಾಜರಾತಿಯ ಪ್ರಶ್ನೆ. ಆನೆ ಓಡಾಡುವ ದಾರಿಯಾದರೆ ಮಕ್ಕಳನ್ನು ಯಾರು ಕರೆತರುತ್ತಾರೆ ಎಂಬುದನ್ನೂ ಅಲ್ಲಿಯೇ ತೀರ್ಮಾನಿಸಿಕೊಳ್ಳಿ.

ವರ್ಗಾವಣೆ ಪತ್ರವಿಲ್ಲವೆಂದೋ ಅದು ಬರಲು ತಡವಾಯಿತೆಂದೋ ದಾಖಲಾತಿ ನಿರಾಕರಿಸುವಂತಿಲ್ಲ. ಅದು 5ನೇ ಕಲಂ. ಜನನ ಪ್ರಮಾಣಪತ್ರ ಇಲ್ಲದಿದ್ದರೂ ಹಾಗೆಯೇ, 14ನೇ ಕಲಂ. ಕುಟುಂಬ ತೋಟ ಬಿಟ್ಟು ಹೊರಡುವಾಗ ಪತ್ರದ ಜೊತೆ, ಮಗು ಏಣಿಯ ಯಾವ ಮೆಟ್ಟಿಲಿನಲ್ಲಿದೆ ಎಂದು ಅರ್ಧ ಹಾಳೆಯಲ್ಲಿ ಬರೆದು ಕೊಡಿ. ಮುಂದಿನ ಶಿಕ್ಷಕರಿಗೆ ಅಂಕಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಮೂವರಿಗೂ ಧನ್ಯವಾದಗಳು. ಬೆಳಗಿನ ಗಂಟೆ ನಡೆಯುತ್ತಿದೆ, ಆದರೆ ಸಹಶಿಕ್ಷಕರು ತರಬೇತಿಗೆ ಕೂಡಿಗೆಯ ಡಯಟ್‌ಗೆ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಹೋದ ನಾಲ್ಕು ದಿನ ಪೂರ್ತಿ ನಿಂತುಹೋಯಿತು. ಅದಕ್ಕೆ ಪರಿಹಾರ ನನಗಿನ್ನೂ ಸಿಕ್ಕಿಲ್ಲ. ಫೋನಿಗೆ ಬೀಗ ಹಾಕುವ ಧೈರ್ಯ ಬಂದಿಲ್ಲ, ಸದ್ದು ಅಡಗಿಸಿಟ್ಟಿದ್ದೇನೆ.

ಹುಳಿ–ಹುಲಿ ಆಟದಲ್ಲಿ ಆ ಹುಡುಗ ಮೊದಲ ವಾರ ಎಲ್ಲದಕ್ಕೂ ಕೈ ಎತ್ತುತ್ತಿದ್ದ. ಈಗ ಮೂರಕ್ಕೆ ಎರಡು ಸಲ ಸರಿ ಹೇಳುತ್ತಾನೆ. ಹಳ್ಳಿಗೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ, ‘ಗಾಂವ್’ ಎಂದ. ಗೋಡೆಯ ಪದಪಟ್ಟಿಯಲ್ಲಿ ಅವನೇ ಬರೆಯಲಿ ಎಂದು ಸೀಮೆಸುಣ್ಣ ಕೊಟ್ಟೆ. ಬರೆದು ಮುಗಿಸಿ, ಪಕ್ಕದಲ್ಲಿ ಯರವ ಹುಡುಗಿಯ ಪದಕ್ಕೂ ಜಾಗ ಬಿಟ್ಟು ಗೆರೆ ಎಳೆದ. ಸ್ವಂತ ಸಾಲು ಇನ್ನೂ ಬಂದಿಲ್ಲ.