ಹೊಸ ಮನೆಯ ರೂಮಿನಲ್ಲಿ ಧ್ವನಿ ಗುಂಯ್‌ಗುಡುತ್ತಿದೆ, ರೆಕಾರ್ಡಿಂಗ್ ಹಾಳಾಗುತ್ತಿದೆ [ಬಗೆಹರಿದಿದೆ]

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮ್ಮ ಹೇಳುವ ಕಥೆಗಳನ್ನು ಮಕ್ಕಳಿಗಾಗಿ ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ಹಳೆಯ ಹೆಂಚಿನ ಮನೆಯಲ್ಲಿ ಬರೀ ಮೊಬೈಲಿನಲ್ಲೇ ಚೆನ್ನಾಗಿ ಬರುತ್ತಿತ್ತು. ಹೊಸ ಮನೆಯಲ್ಲಿ ಮೈಕ್ ಕೊಂಡರೂ ಬಾವಿಯೊಳಗಿಂದ ಮಾತಾಡಿದ ಹಾಗಿದೆ. ರೂಮು 12 ಅಡಿ ಉದ್ದ, 10 ಅಡಿ ಅಗಲ. ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ. ಮೇಜು, ಎರಡು ಕುರ್ಚಿ ಬಿಟ್ಟರೆ ಖಾಲಿ. ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಿದೆ. ಫ್ಯಾನ್ ಸದ್ದು ಹೋಯಿತು, ಗುಂಯ್ ಹಾಗೇ ಇದೆ. ಏನು ಮಾಡಲಿ?

ಉತ್ತರ 1

ಸಾಫ್ಟ್‌ವೇರ್ ಬಿಡಿ ಸರ್. ಫ್ಯಾನ್ ಸದ್ದು ಒಂದೇ ಸಮನೆ ಇರುತ್ತದೆ, ಅದನ್ನು ಗುರುತಿಸಿ ತೆಗೆಯುವುದು ಸುಲಭ. ಈ ಗುಂಯ್ ಅಂದರೆ ಗೋಡೆಗೆ ಬಡಿದು ತಿರುಗಿ ಬಂದ ಅಮ್ಮನ ದನಿಯೇ. ಅದನ್ನು ಕತ್ತರಿಸಲು ಹೋದರೆ ಮಾತೂ ಕೆಡುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ರೂಮಿನ ನಡುವೆ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಜಾಗ ಬದಲಿಸಿ ತಟ್ಟುತ್ತಾ ಹೋಗಿ. ಎಲ್ಲಿ ಹೇಗೆ ಕೇಳಿಸಿತು ಹೇಳಿ.

ಉತ್ತರ 2

ಮೊಟ್ಟೆ ಟ್ರೇ ಅಂಟಿಸಿ, ಖರ್ಚು ಕಡಿಮೆ.

ಪ್ರಶ್ನೆ ಕೇಳಿದವರು

ತಟ್ಟಿ ನೋಡಿದೆ. ನಡುವೆ ನಿಂತಾಗ ಚಪ್ಪಾಳೆಯ ಹಿಂದೆಯೇ "ಝರ್ರ್" ಅಂತ ಒಂದು ನಡುಕ. ಪರದೆ ಇರುವ ಕಿಟಕಿಯ ಹತ್ತಿರ ಅಷ್ಟಿಲ್ಲ. ಆದರೆ ಗೋಳಗುಮ್ಮಟದಲ್ಲಿ ಕೂಗಿದಾಗ ಮಾತು ಬಿಡಿಬಿಡಿಯಾಗಿ ತಿರುಗಿ ಬರುತ್ತದಲ್ವಾ? ಇಲ್ಲಿ ಯಾಕೆ ಹಾಗಿಲ್ಲ?

ಉತ್ತರ 1

ಒಳ್ಳೆಯ ಪ್ರಶ್ನೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಒಂದು ಕಡೆಯಿಂದ ಕೂಗಿದರೆ ಎದುರಿಗೆ ಹೋಗಿ ಬರಲು 0.2 ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟು ಅಂತರವಿದ್ದರೆ ಕಿವಿ ಎರಡನ್ನೂ ಬೇರೆಬೇರೆಯಾಗಿ ಕೇಳುತ್ತದೆ. ನಿಮ್ಮ ರೂಮಿನ 12 ಅಡಿಯಲ್ಲಿ ಅದೇ ಶಬ್ದ ಸೆಕೆಂಡಿಗೆ ಸುಮಾರು 47 ಸಲ ಹೋಗಿ ಬರುವಷ್ಟು ವೇಗದಲ್ಲಿ ಓಡಾಡುತ್ತದೆ. ಎಣಿಸಲಾಗದ ಆ ಮಾರ್ದನಿಗಳೇ ಒಟ್ಟಾಗಿ ನಿಮ್ಮ "ಝರ್ರ್".

ಇದಕ್ಕೆ ಎರಡು ಬೋಳು ಗೋಡೆಗಳು ಎದುರುಬದುರು ಇರಬೇಕು. ಹಾಗಾಗಿ ನಾಲ್ಕೂ ಗೋಡೆ ಮುಚ್ಚಬೇಕಿಲ್ಲ. ಪ್ರತಿ ಜೋಡಿಯಲ್ಲಿ ಒಂದನ್ನು ಮುಚ್ಚಿದರೆ ಆ ಓಟ ಮುರಿಯುತ್ತದೆ. ಮೊಟ್ಟೆ ಟ್ರೇ ಬೇಡ, ಮಾತಿನ ದನಿ ಹೀರುವಷ್ಟು ದಪ್ಪ ಅದಕ್ಕಿಲ್ಲ. ಮನೆಯಲ್ಲಿ ಕೌದಿ ಇದ್ದರೆ ಅದೇ ಸಾಕು. ಗೋಡೆಗೆ ಅಂಟಿಸಬೇಡಿ, ಹಗ್ಗ ಕಟ್ಟಿ ಗೋಡೆಯಿಂದ ಒಂದು ನಾಲ್ಕು ಇಂಚು ಮುಂದೆ ತೂಗುಬಿಡಿ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲ್ಲಾಡುವುದೇ ಇಲ್ಲ. ಬಟ್ಟೆ ಶಬ್ದವನ್ನು ಹೀರುವುದು ಅಲ್ಲಾಡುವ ಗಾಳಿ ಅದರ ಎಳೆಗಳಿಗೆ ಉಜ್ಜಿದಾಗ. ಆ ನಾಲ್ಕು ಇಂಚಿನಿಂದ ತುಂಬಾ ವ್ಯತ್ಯಾಸ ಬರುತ್ತದೆ.

ನೆಲ ಮತ್ತು ಆರ್‌ಸಿಸಿ ಕೂಡ ಒಂದು ಜೋಡಿ. ದಪ್ಪ ಜಮಖಾನ ಹಾಸಿ. ಮೈಕ್ ಅಮ್ಮನ ಬಾಯಿಂದ ಒಂದು ಗೇಣಿನ ಒಳಗಿರಲಿ. ಮೈಕ್ ದೂರ ಅರ್ಧಕ್ಕಿಳಿದರೆ ನೇರ ಬರುವ ದನಿ 6 ಡೆಸಿಬೆಲ್ ಏರುತ್ತದೆ. ಗುಂಯ್ ಮಾತ್ರ ಹಾಗೇ ಇರುತ್ತದೆ. ಮೆಲ್ಲಗೆ ಮಾತಾಡುವವರಿಗೆ ಇದು ಬಹಳ ಮುಖ್ಯ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಅಜ್ಜಿ ಹೊಲಿದಿದ್ದ ಎರಡು ಕೌದಿ ಪೆಟ್ಟಿಗೆಯಲ್ಲೇ ಇದ್ದವು. ಒಂದನ್ನು ಉದ್ದದ ಗೋಡೆಗೆ, ಇನ್ನೊಂದನ್ನು ಅಮ್ಮನ ಬೆನ್ನ ಹಿಂದೆ ತೂಗುಬಿಟ್ಟೆ. ಮೊದಲ ಕೌದಿಗೇ "ಝರ್ರ್" ಅರ್ಧ ಹೋಯಿತು. ಎರಡನೆಯದಕ್ಕೆ ಚಪ್ಪಾಳೆ "ಟಪ್" ಅಂತ ಅಲ್ಲೇ ನಿಂತಿತು. ದಪ್ಪ ದನಿಯಲ್ಲಿ ಸ್ವಲ್ಪ ಗುಂಯ್ ಉಳಿದಿತ್ತು. ಸುಮ್ನೆ ನೋಡೋಣ ಅಂತ ಮೂಲೆಯಲ್ಲಿ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದೆ, ಅದೂ ಕಡಿಮೆಯಾಯಿತು.

ಇವತ್ತು ಅಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರು. ಮಳೆಯಲ್ಲಿ ನೆನೆದ ಕಾಗಕ್ಕ "ಬಾಗಿಲು ತೆಗಿ" ಅಂತ ಪಿಸುಗುಟ್ಟುವ ಸಾಲು ಸ್ಪಷ್ಟವಾಗಿ ಕೇಳಿಸುತ್ತಿದೆ.