ಒಂದೇ ಶನಿವಾರ, ಒಬ್ಬರಿಗೆ ಬಾಳೆಲೆ ಊಟ, ಇನ್ನೊಬ್ಬರಿಗೆ ಮೀನು ಮತ್ತು ಬಿಯರ್: ಮುಂಬಯಿಯಲ್ಲಿ ಎಲ್ಲಿಗೆ ಹೋಗುವುದು?

ಮುಲುಂಡ್ ನಿವಾಸಿ (ಪ್ರಶ್ನೆ):

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ. ಮುಂದಿನ ತಿಂಗಳು ಕುಂದಾಪುರದಿಂದ ನನ್ನ ಸೋದರಮಾವ, ಅತ್ತೆ ಮತ್ತು ಅವರ ಇಪ್ಪತ್ತೆರಡು ವರ್ಷದ ಮಗ ನಮ್ಮ ಮನೆಗೆ ಬರಲಿದ್ದಾರೆ. ಒಂದು ಶನಿವಾರ ಎಲ್ಲರನ್ನೂ ಹೊರಗೆ ಊಟಕ್ಕೆ ಕರೆದೊಯ್ಯಬೇಕೆಂಬ ಆಸೆ ನನಗಿದೆ. ಅತ್ತೆ ಮೀನು ಮಾಂಸ ಬಿಟ್ಟು ಬಹಳ ಕಾಲವಾಯಿತು. ಮಾವನಿಗೋ ಮುಂಬಯಿಗೆ ಬಂದ ಮೇಲೆ ಒಳ್ಳೆಯ ಮೀನು ತಿನ್ನಬೇಕು, ಜೊತೆಗೆ ಒಂದು ಲೋಟ ಬಿಯರ್ ಕುಡಿಯಬೇಕು. ನಮ್ಮ ಮನೆಯ ಹತ್ತಿರ ಪನೀರಿನಿಂದ ನೂಡಲ್ಸ್‌ವರೆಗೆ ಎಲ್ಲವೂ ಸಿಗುವ ಹೋಟೆಲುಗಳಿವೆ, ಆದರೆ ಅಲ್ಲಿ ಯಾವುದರಲ್ಲೂ ನಮ್ಮ ಕಡೆಯ ರುಚಿಯಿಲ್ಲ. ಅತ್ತೆಗೆ ಮುಜುಗರವಾಗದ, ಮಾವನಿಗೂ ನಿರಾಸೆಯಾಗದ ಒಂದು ಜಾಗವನ್ನು ದಯವಿಟ್ಟು ಸೂಚಿಸುವಿರಾ?

ಕಿಂಗ್ಸ್ ಸರ್ಕಲ್‌ನವರು:

ಒಂದೇ ಜಾಗವನ್ನು ಹುಡುಕಬೇಡಿ ಎಂಬುದು ನನ್ನ ಮೊದಲ ಸಲಹೆ. ಈ ಊರಿನಲ್ಲಿ ನಮ್ಮವರ ಅಡುಗೆಗೆ ಮೊದಲಿನಿಂದಲೂ ಎರಡು ಪ್ರತ್ಯೇಕ ಬಾಗಿಲುಗಳಿವೆ: ಒಂದು ಸಸ್ಯಾಹಾರದ ಉಡುಪಿ ಹೋಟೆಲಿನದು, ಇನ್ನೊಂದು ಮೀನಿನೂಟ ಸಿಗುವ ಮಂಗಳೂರು ಕಡೆಯ ಲಂಚ್ ಹೋಮಿನದು. ಎರಡನ್ನೂ ಒಂದೇ ಮೇಜಿಗೆ ತರಲು ಹೊರಟರೆ ಯಾವುದೋ ಒಂದು ಕಡೆಯವರು ಹೊಟ್ಟೆ ತುಂಬಿಸಿಕೊಂಡು ಏಳುತ್ತಾರೆಯೇ ಹೊರತು ತೃಪ್ತಿಯಿಂದ ಏಳುವುದಿಲ್ಲ. ಮಧ್ಯಾಹ್ನವನ್ನು ಅತ್ತೆಯವರಿಗೆ, ರಾತ್ರಿಯನ್ನು ಮಾವನವರಿಗೆ ಹಂಚಿಬಿಡಿ.

ಮಧ್ಯಾಹ್ನಕ್ಕೆ ಮಾಟುಂಗಾಕ್ಕೆ ಬನ್ನಿ. ಇಲ್ಲಿ ರಾಮ ಆಶ್ರಯ 1939ರಿಂದ, ಕೆಫೆ ಮದ್ರಾಸ್ 1940ರಿಂದ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆದುಕೊಂಡು ಬಂದಿವೆ. ಕಚೇರಿ ಕೆಲಸಕ್ಕೆಂದು ದಕ್ಷಿಣದಿಂದ ಬಂದವರು ಈ ಭಾಗದಲ್ಲಿ ನೆಲೆಸಿದ್ದರಿಂದಲೇ ಈ ಹೋಟೆಲುಗಳು ಇಲ್ಲಿ ಬೇರೂರಿದವು. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಇಂಥ ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ್ದು ನಮ್ಮ ಸಮುದಾಯದ ಚರಿತ್ರೆಯೇ ಆಗಿದೆ, ಅದನ್ನು ನಿಮ್ಮ ಮಾವನ ಮಗನಿಗೂ ಹೇಳಿ.

ಅತ್ತೆಯವರಿಗೆ ನಾನು ಆರಿಸುವುದು ರಾಮ ನಾಯಕರ ಬೋರ್ಡಿಂಗನ್ನೇ. ಮಾಟುಂಗಾ ಸ್ಟೇಷನ್ನಿನ ಪೂರ್ವ ಬದಿಗೆ ಇಳಿದರೆ ಹತ್ತಿರದಲ್ಲೇ ಸಿಗುತ್ತದೆ. ಬಾಳೆಲೆ ಹಾಸಿ ಪಲ್ಯ, ಸಾರು, ಸಾಂಬಾರು, ಮೊಸರು ಎಂದು ಕ್ರಮವಾಗಿ ಬಡಿಸುತ್ತಾರೆ. ನಾವು ಅನ್ನದ ಮಧ್ಯೆ ಗುಳಿ ಮಾಡಿಕೊಳ್ಳುವಷ್ಟು ಹೊತ್ತು ಬಡಿಸುವವರು ಕಾದು ಸಾರು ಬಿಡುವುದನ್ನು ನೋಡಿದರೆ ಅವರಿಗೆ ಉಣ್ಣುವವರ ಬಗ್ಗೆ ಎಷ್ಟು ಕಾಳಜಿ ಇದೆ ಎಂಬುದು ತಿಳಿಯುತ್ತದೆ. ಆದರೆ ಹೋಟೆಲು ಮೊದಲ ಮಹಡಿಯಲ್ಲಿದೆ. ಅತ್ತೆಯವರಿಗೆ ಮಂಡಿನೋವಿದ್ದರೆ ಕೆಫೆ ಮದ್ರಾಸಿನ ರಾಗಿ ದೋಸೆ, ಇಲ್ಲವೇ ರಾಮ ಆಶ್ರಯದ ಉಪ್ಪಿಟ್ಟು ಮತ್ತು ಪೈನಾಪಲ್ ಶಿರಾ ಸಾಕು. ಎರಡೂ ಕಡೆ ರಜಾದಿನಗಳಲ್ಲಿ ಬಾಗಿಲಲ್ಲಿ ಕಾಯಬೇಕಾಗುತ್ತದೆ, ಮೇಜನ್ನು ಅಪರಿಚಿತರೊಂದಿಗೆ ಹಂಚಿಕೊಳ್ಳಬೇಕಾಗಲೂಬಹುದು.

ಫೋರ್ಟಿನ ಹಳೆಯ ನೌಕರ:

ಮೇಲಿನವರ ಮಾತನ್ನು ಒಪ್ಪುತ್ತೇನೆ, ರಾತ್ರಿಯ ಭಾಗವನ್ನು ನಾನು ಪೂರ್ತಿಗೊಳಿಸುತ್ತೇನೆ. ಮಾಟುಂಗಾದಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ, ಅದನ್ನೇ ಹಿಡಿದು ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಂದರೆ ಫೋರ್ಟ್ ಪ್ರದೇಶ ನಡೆಯುವ ದೂರದಲ್ಲಿದೆ. ಕಾವಸ್‌ಜಿ ಪಟೇಲ್ ಬೀದಿಯ ಮಹೇಶ್ ಲಂಚ್ ಹೋಮ್ ದಶಕಗಳಷ್ಟು ಹಳೆಯದು. ಹಾರ್ನಿಮನ್ ಸರ್ಕಲ್ ಬಳಿಯ ಅಪೂರ್ವವೂ ಮಂಗಳೂರು ಶೈಲಿಯ ಮೀನಿಗೆ ಹೆಸರಾದದ್ದೇ. ಅಂಜಲ್ (ಸುರ್ಮಯಿ) ಮೀನಿನ ಗಸಿಯ ಜೊತೆ ನೀರು ದೋಸೆ ತರಿಸಿಕೊಳ್ಳಿ. ಹುರಿದ ಕೆಂಪು ಮೆಣಸು, ಕೊತ್ತಂಬರಿ, ತೆಂಗಿನಕಾಯಿಗಳನ್ನು ನುಣ್ಣಗೆ ಅರೆದ ಗಸಿಯನ್ನು ಆ ತೆಳು ದೋಸೆ ಹೀರಿಕೊಳ್ಳುವಷ್ಟು ಚೆನ್ನಾಗಿ ಅನ್ನ ಹೀರಿಕೊಳ್ಳುವುದಿಲ್ಲ. ಕುಂದಾಪುರದವರೆದುರು ಮೀನಿನ ವಿಷಯದಲ್ಲಿ ಹೆಚ್ಚು ಮಾತಾಡುವುದು ಸಲ್ಲದು, ಆದರೂ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆ ಅಗತ್ಯ. ಇಂಥ ಹೋಟೆಲುಗಳಲ್ಲಿ ಏಡಿ, ಮಾಂಜಿ (ಪಾಂಫ್ರೆಟ್), ದೊಡ್ಡ ಸಿಗಡಿಗಳಿಗೆ ಹಲವು ವೇಳೆ ಮೆನುವಿನಲ್ಲಿ ದರ ಇರುವುದಿಲ್ಲ, ಗಾತ್ರಕ್ಕೆ ತಕ್ಕಂತೆ ಎಂದಷ್ಟೇ ಬರೆದಿರುತ್ತದೆ. ವೇಟರ್ ಏಡಿಯನ್ನು ಮೇಜಿಗೆ ತಂದು ತೋರಿಸಿದಾಗ ಸುಮ್ಮನೆ ತಲೆಯಾಡಿಸದೆ ತೂಕವೆಷ್ಟು, ಬೆಲೆಯೆಷ್ಟು ಎಂದು ಅಲ್ಲೇ ಕೇಳಿ. ಹಾಗೆ ಕೇಳುವುದು ಅವಮಾನವೇನೂ ಅಲ್ಲ, ಅವರೂ ಅದನ್ನು ನಿರೀಕ್ಷಿಸುತ್ತಾರೆ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ನಿಮ್ಮ ನೆಂಟರು ಆ ತಿಂಗಳುಗಳಲ್ಲಿ ಬರುವುದಾದರೆ ಮೀನು ತಾಜಾ ಇದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಚೆಂಬೂರಿನ ಗೃಹಿಣಿ:

ಹುಡುಗನ ವಯಸ್ಸು ಇಪ್ಪತ್ತೆರಡು ಎಂದಿದ್ದೀರಿ, ಆದ್ದರಿಂದ ಇದನ್ನು ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ ತುಂಬಿರಬೇಕು, ವಿಸ್ಕಿ, ರಮ್ಮಿನಂಥ ಮದ್ಯಕ್ಕೆ 25. ಕುಡಿಯುವವರಿಗೆ ಪರ್ಮಿಟ್ ಇರಬೇಕೆಂಬ ನಿಯಮ 1949ರ ಪಾನನಿಷೇಧ ಕಾಯ್ದೆಯಿಂದ ಬಂದದ್ದು, ಬಾರುಗಳ ಮೇಲೆ ಕಾಣುವ ಪರ್ಮಿಟ್ ರೂಮ್ ಎಂಬ ಫಲಕಗಳ ಮೂಲವೂ ಅದೇ. ಒಂದು ದಿನದ ಪರ್ಮಿಟ್ಟೂ ಸಿಗುತ್ತದೆ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಲು ಹೇಳುವ ಹಕ್ಕು ನಿಮಗಿದೆ. ಅದನ್ನು ಕಡ್ಡಾಯ ಮಾಡಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಬಡಿಸಿದ ಹುಡುಗನ ಕೈಗೆ ನೀವಾಗಿ ಕೊಡುವ ಟಿಪ್ ಬೇರೆ ವಿಷಯ, ಅದನ್ನು ಖಂಡಿತ ಕೊಡಿ.

ಇನ್ನೊಂದು ಮಾತು. ಅತ್ತೆಗೆ ಮುಜುಗರವಾಗುತ್ತದೆ ಎಂದು ನಾವೆಲ್ಲ ಇಲ್ಲಿ ಕುಳಿತು ತೀರ್ಮಾನಿಸುತ್ತಿದ್ದೇವೆ. ದಯವಿಟ್ಟು ಮೊದಲು ಅವರನ್ನೇ ಕೇಳಿ. ಫೋರ್ಟಿನ ಆ ಹೋಟೆಲುಗಳಿಗೆ ಕುಟುಂಬಗಳು ಮಕ್ಕಳುಮರಿಯೊಂದಿಗೆ ಬರುತ್ತವೆ, ನನ್ನ ಅತ್ತೆಯವರೂ ಬಂದು ನೀರು ದೋಸೆಗೆ ತರಕಾರಿ ಪಲ್ಯ ಹಾಕಿಸಿಕೊಂಡು ಸಂತೋಷದಿಂದ ಊಟ ಮಾಡಿದ್ದಾರೆ.

ಮುಲುಂಡ್ ನಿವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈಗಷ್ಟೇ ಅತ್ತೆಗೆ ಫೋನ್ ಮಾಡಿದ್ದೆ. ಮೆಟ್ಟಿಲು ಹತ್ತುವುದು ಕಷ್ಟವಲ್ಲವಂತೆ, ರಾತ್ರಿ ಫೋರ್ಟಿಗೂ ತಾವು ಬರುತ್ತೇವೆಂದರು. ಶನಿವಾರ ರಾತ್ರಿ ಏಳು ಜನರಿಗೆ ಜಾಗ ಬೇಕಾದರೆ ಮೊದಲೇ ಫೋನ್ ಮಾಡಿ ಮೇಜು ಕಾದಿರಿಸಬೇಕೇ?

ಫೋರ್ಟಿನ ಹಳೆಯ ನೌಕರ:

ಖಂಡಿತ ಕಾದಿರಿಸಿ. ಎಂಟು ಗಂಟೆಗೆ ಮೊದಲೇ ತಲುಪುವಂತೆ ನೋಡಿಕೊಳ್ಳಿ.